ಭಾನುವಾರದ ಪಾಠ

"ಮೇಷ್ಟ್ರ ಕೈಯಲ್ಲಿ ಏನೂ ಇಲ್ಲ," ಎಂದು ಹಿರಿಯಣ್ಣ ತನ್ನ ಬೆಂಕಿಕಡ್ಡಿಗಳನ್ನೆಲ್ಲ ಪಣಕ್ಕೆ ತಳ್ಳಿದ.

ಏಕಾಂತಪ್ಪ ಇಸ್ಪೀಟಿನ ಎಲೆಗಳನ್ನು ಕೆಳಗಿಟ್ಟ. ನಿಜಕ್ಕೂ ಏನೂ ಇರಲಿಲ್ಲ. ಮನೆಯ ಯಜಮಾನ, ಇಂಜಿನಿಯರ್ ಷಡಕ್ಷರಪ್ಪ, ಹೊಟ್ಟೆ ಹಿಡಿದುಕೊಂಡು ನಕ್ಕ. "ಶಿಷ್ಯ ಗುರುವನ್ನೇ ನುಂಗಿದ ಮಾರಾಯ!"

ಏಕಾಂತಪ್ಪನೂ ನಕ್ಕ. ನಗುವುದು ಕಷ್ಟವಾಗಲಿಲ್ಲ; ಯಾವಾಗ ನಿಲ್ಲಿಸಬೇಕೆಂದು ಮಾತ್ರ ತಿಳಿಯಲಿಲ್ಲ.

ಶಿವಮೊಗ್ಗದ ಕಾಲೇಜೊಂದರಲ್ಲಿ ಗಣಿತ ಹೇಳುವ ಅವನು ಭಾನುವಾರ ಬೆಳಗಿನ ರೈಲಿಗೆ ಭದ್ರಾವತಿಗೆ ಬರುತ್ತಿದ್ದುದು ಪೋಕರ್ ಆಡಲಿಕ್ಕೆ. ಇಬ್ಬರೇ ಆಡಿದರೆ ಆಟ ಕಳೆಗಟ್ಟುವುದಿಲ್ಲವೆಂದು ಜನ್ನಾಪುರದ ತನ್ನ ವಿದ್ಯಾರ್ಥಿ ಹಿರಿಯಣ್ಣನನ್ನು ನ್ಯೂ ಟೌನಿನ ಈ ಮನೆಗೆ ಕರೆಸಿಕೊಂಡಿದ್ದ. ಒಂದು ಗಂಟೆ ಪಾಠ, ಆಮೇಲೆ ಒಂದು ಗಂಟೆ ಆಟ ಎಂದು ಕರಾರು. ಮನುಷ್ಯನಿಗೆ ಓದೂ ಬೇಕು, ಆಟವೂ ಬೇಕು ಎಂದು ಅವನೇ ಭಾಷಣ ಬಿಗಿದಿದ್ದ. ದಸರಾ ಹೊತ್ತಿಗೆ ಪಾಠ ಅರ್ಧ ಗಂಟೆಗೆ ಇಳಿಯಿತು. ಸಂಕ್ರಾಂತಿ ಕಳೆದ ಮೇಲೆ ಪುಸ್ತಕ ಬಿಚ್ಚಿದ ನೆನಪಿಲ್ಲ.

ಇಂಟರ್‌ಮೀಡಿಯೆಟ್ ಫಲಿತಾಂಶ ಮೊನ್ನೆ ಬಂತು. ಹಿರಿಯಣ್ಣ ಗಣಿತದಲ್ಲಿ ಫೇಲು. ಯಾವ ಎಲೆ ಹೋಗಿದೆ, ಯಾವುದು ಬರುವ ಸಂಭವ ಎಷ್ಟು ಎಂದು ರೆಪ್ಪೆ ಬಡಿಯುವುದರೊಳಗೆ ಹೇಳಬಲ್ಲವನು.

ಹೊರಗೆ ಯಾರೋ ಕೆಮ್ಮಿದರು.

"ನಮ್ಮಪ್ಪ," ಎಂದ ಹಿರಿಯಣ್ಣ.

ಏಕಾಂತಪ್ಪ ಜಗುಲಿಗೆ ಬಂದು ಬಾಗಿಲು ಎಳೆದುಕೊಂಡ. ಭೂತಪ್ಪ ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದಿದ್ದ. ಕುಲುಮೆಯ ಕೆಲಸದಲ್ಲಿ ಹುಬ್ಬುಗಳು ಸುಟ್ಟುಹೋಗಿದ್ದ ಮುಖ.

"ಪಾಠಕ್ಕೆ ತೊಂದ್ರೆ ಕೊಟ್ಟೆ ಸ್ವಾಮಿ. ಒಂದೇ ಮಾತು. ಕಾರ್ಖಾನೇಲಿ ಅದಿರು ತುಂಬೋ ಕೆಲ್ಸ ಖಾಲಿ ಐತೆ, ಇವತ್ತೇ ಹೆಸರು ಕೊಡ್ಬೇಕು. ನಂಗೆ ಮನಸ್ಸಿಲ್ಲ. ಇನ್ನೊಂದ್ಸಲ ಪರೀಕ್ಷೆಗೆ ಕಟ್ಟಿಸ್ಲಾ? ಅವನಿಗೆ ತಲೆ ಐತಾ? ನೀವು ಹೇಳಿದ್ದೇ ಸೈ."

ತಲೆ ಇದೆ, ನನಗಿಂತ ಚೆನ್ನಾಗಿದೆ. ಮಾತು ಏಕಾಂತಪ್ಪನ ನಾಲಗೆಯ ತುದಿಗೆ ಬಂತು. ಅದರ ಬೆನ್ನಿಗೇ, ಒಳಗಿನಿಂದ ಷಡಕ್ಷರಪ್ಪ ಇನ್ನೂ ನಗುತ್ತಿರುವುದು ಕೇಳಿಸಿತು.

"ಇಲ್ಲ," ಎಂದ. "ಲೆಕ್ಕ ಅವನಿಗೆ ಹತ್ತೋದಿಲ್ಲ. ವರ್ಷವಿಡೀ ಹೆಣಗಿದೆ. ಕೆಲಸಕ್ಕೆ ಸೇರಿಸಿಬಿಡಿ."

ಭೂತಪ್ಪ ಕೈಮುಗಿದ. "ಇದ್ದದ್ದು ಇದ್ದಂಗೆ ಹೇಳಿದ್ರಿ, ಅಷ್ಟು ಸಾಕು. ಇನ್ನು ಭಾನುವಾರ ಕಳಿಸೋದು ಬ್ಯಾಡ ಅಲ್ವಾ?"

ಆಟಕ್ಕೆ ಮೂರನೆಯವನು ಮತ್ತೆಲ್ಲಿ ಸಿಗುತ್ತಾನೆ?

"ಭಾನುವಾರ ಬರಲಿ. ಓದಿನ ರುಚಿ ಪೂರ್ತಿ ಬಿಟ್ಟುಹೋಗೋದು ಬೇಡ."

ಭೂತಪ್ಪನ ಕಣ್ಣು ತುಂಬಿ ಬಂತು. "ಹಂಗಾದ್ರೆ ಇವತ್ತಿಂದು ಮುಗೀಲಿ. ಕರ್ಕೊಂಡೇ ಹೋಗಿ ಹೆಸರು ಬರೆಸ್ತೀನಿ," ಎಂದು ಹೋಗಿ ಬೇವಿನ ಮರದ ಕೆಳಗೆ ಕೂತ.

ಒಳಗೆ ಈಗ ನಗು ಇರಲಿಲ್ಲ. ಷಡಕ್ಷರಪ್ಪ ಸಿಗರೇಟಿನ ಬೂದಿಯನ್ನೇ ನೋಡುತ್ತಿದ್ದ. ಬಾಗಿಲು ತೆಳುವಾಗಿತ್ತು. ಹಿರಿಯಣ್ಣ ಎಲೆ ಕಲೆಸುತ್ತಿದ್ದ.

"ಹಂಚ್ಲಾ ಸಾರ್?"

"ಹಂಚು."

ಐದು ಎಲೆಗಳು ಬಂದು ಬಿದ್ದವು. ಏಕಾಂತಪ್ಪ ಅವನ್ನು ಎತ್ತಿಕೊಳ್ಳದೆ ಕಿಟಕಿಯಾಚೆ ನೋಡಿದ. ಮರದ ಕೆಳಗಿದ್ದ ಭೂತಪ್ಪ ತಟಕ್ಕನೆ ಎದ್ದು ಕೈಕಟ್ಟಿ ನಿಂತ.

ಏಕಾಂತಪ್ಪ ಮುಖ ತಿರುಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಓರೆಗಣ್ಣಿನಲ್ಲಿ ಮತ್ತೆ ನೋಡಿದ.

ಕೂತಿದ್ದ ಭೂತಪ್ಪ ಮತ್ತೆ ಎದ್ದ.