ಅಲೆಯ ಮುಂದೆ ತಪ್ಪಿದ ಎಣಿಕೆ

ಶಹಾಪುರದ ಗರಡಿಯಲ್ಲಿ ಗುಂಡುಕಲ್ಲು ಎತ್ತುವ ಪಂದ್ಯವೆಂದರೆ ಎಣಿಸುವವನು ಗಿರಣಿ ಅಯ್ಯಣ್ಣನೇ. ಕಲ್ಲು ಹೆಗಲೇರಿದ ಕೂಡಲೇ ಅವನು ಹತ್ತರವರೆಗೆ ಗಟ್ಟಿಯಾಗಿ ಎಣಿಸಬೇಕು. ಅಲ್ಲಿತನಕ ತಡೆದು ನಿಂತವನು ಗೆದ್ದ. ನಡುವೆ ಎಣಿಕೆ ತಪ್ಪಿದರೆ ತಪ್ಪು ಎಣಿಸಿದವನದು, ಗೆಲುವು ಎತ್ತಿದವನದು. ಇದು ಗರಡಿಯ ಹಳೆಯ ಕಟ್ಟಳೆ. ಮೂವತ್ತು ವರ್ಷದಲ್ಲಿ ತನ್ನ ಎಣಿಕೆ ಒಮ್ಮೆಯೂ ತಪ್ಪಿಲ್ಲವೆಂದು ಅಯ್ಯಣ್ಣ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಪಂದ್ಯ ಗೆದ್ದ ಊರಿನವರೊಬ್ಬರಿಗೆ ಗರಡಿ ವರ್ಷಕ್ಕೊಮ್ಮೆ ತೊಡಿಸುವ ಬೆಳ್ಳಿ ಕಡಗಕ್ಕೆ ಈ ಸಲ ಸೈಕಲ್ ರಿಪೇರಿಯ ಗಯಾಸನ ಮಗಳು ಸಬಾಳ ಹೆಸರು ಬಂತು. ಮಂಗಳೂರಿಗೆ ಓದಲು ಹೋದವಳು ಹಲಗೆಯ ಮೇಲೆ ನಿಂತು ಸಮುದ್ರದ ಅಲೆ ಏರುವ ಸರ್ಫಿಂಗ್ ಕಲಿತು, ಪದಕ ಗೆದ್ದು ಬಂದಿದ್ದಳು. ಎಲ್ಲರೂ ಅಯ್ಯಣ್ಣನ ಮುಖ ನೋಡಿದರು. ಅಪಾಯದ ಆಟ ಹೌದು, ಎದೆಗಾರಿಕೆಯೂ ಬೇಕು ಎಂದು ಅವನು ಒಪ್ಪಿದ. ಪಂದ್ಯವೆಂದು ಮಾತ್ರ ಒಪ್ಪಲಿಲ್ಲ.

"ಪಂದ್ಯ ಅಂದ್ರ ಎಲ್ಲಾರ್ಗೂ ಕಲ್ಲು ಒಂದ ಇರಬೇಕು. ಸಮುದ್ರದಾಗ ಒಬ್ಬೊಬ್ಬರಿಗೆ ಒಂದೊಂದು ಅಲಿ. ಅದನ್ನ ಹೆಂಗ ಎಣಸ್ತೀರಿ?"

ಸಬಾಳ ಮುಖ ಸಣ್ಣದಾಯಿತು. ಗರಡಿಯ ಎದುರಿನ ಅಪ್ಪನ ಅಂಗಡಿಯಲ್ಲಿ ಕೂತು ಬಾಲ್ಯವೆಲ್ಲ ಆ ಕಡಗವನ್ನು ಆಸೆಗಣ್ಣಿನಿಂದ ನೋಡಿದ್ದಳು. ಹೆಣ್ಣುಮಗಳೊಬ್ಬಳ ಕೈಗೆ ಅದು ಇದುವರೆಗೆ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ನೇರವಾಗಿ ಗಿರಣಿಗೆ ಬಂದು ಹೇಳಿದಳು: "ಎಲ್ಲಾರ್ಗೂ ಒಂದ ಆಗೂ ಅಲಿ ತೋರಿಸ್ತೀನಿ, ಬರ್ರಿ ಕಾಕಾ."

ಶಿರವಾಳದ ಹಾದಿಯಲ್ಲಿ ಕಾಲುವೆ ಒಂದು ಮೆಟ್ಟಿಲು ಇಳಿಯುತ್ತದೆ. ಬಿದ್ದ ನೀರು ಪುಟಿದೆದ್ದು ಎದೆಯೆತ್ತರದ ಅಲೆಯಾಗಿ ಅಲ್ಲೇ ನಿಲ್ಲುತ್ತದೆ. ನಿನ್ನೆ ನಿಂತದ್ದು ಇಂದೂ ಅಲ್ಲೇ. ಜೋಳದ ಚೀಲ ಹೇರಿಕೊಂಡು ಸಾವಿರ ಸಲ ಹಾದುಹೋದ ಅಯ್ಯಣ್ಣ ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ.

ಸಬಾ ನೀರಲ್ಲಿ ತೇಲಿಸುವ ಜಾಕೀಟು ತೊಟ್ಟಳು. ಅದಕ್ಕೆ ಕಟ್ಟಿದ ಹಗ್ಗವನ್ನು ಗಯಾಸ ದಂಡೆಯ ಕಲ್ಲುಕಂಬಕ್ಕೆ ಸುತ್ತಿ ಹಿಡಿದ. ಹತ್ತು ಎಣಿಸಿರೆಂದು ಹೇಳಿ ಅವಳು ಹಲಗೆಯೊಂದಿಗೆ ನೀರಿಗೆ ಇಳಿದಳು.

ಎದ್ದು ನಿಂತಳು. ಒಂದು, ಎರಡು ಎಂದು ಅಯ್ಯಣ್ಣ ಕೂಗಿದ. ಕಲ್ಲು ಎತ್ತುವವನ ಕುತ್ತಿಗೆಯ ನರ ಉಬ್ಬುವುದನ್ನು ನೋಡಿ ಬಲ್ಲ ಕಣ್ಣು ಅವನದು. ಇಲ್ಲಿ ಸೆಣಸಾಟವೇ ಕಾಣಲಿಲ್ಲ; ನೀರು ಕೇಳಿದಷ್ಟು ಅವಳ ಮೊಣಕಾಲು ಬಾಗುತ್ತಿತ್ತು, ಬಿಟ್ಟಷ್ಟು ಏಳುತ್ತಿತ್ತು. ಐದು, ಆರು. ಇಡೀ ಕಾಲುವೆ ಅವಳ ಕಾಲಡಿಯಲ್ಲಿ ಭೋರೆಂದು ಓಡುತ್ತಿತ್ತು, ಹುಡುಗಿ ಮಾತ್ರ ಅಲ್ಲೇ ನಿಂತಿದ್ದಳು. ಬಿಸಿಲು ಬಿದ್ದ ತುಂತುರಿನೊಳಗೆ ಅವಳು ನಗುತ್ತಿದ್ದಳು. ಅಯ್ಯಣ್ಣನಿಗೆ ಮೈ ಜುಮ್ಮೆಂದಿತು, ಕಣ್ಣು ತುಂಬಿತು. ಇಂಥದ್ದು ತನ್ನ ಊರಿನ ನೀರಿನಲ್ಲೇ ಇತ್ತಲ್ಲ ಎಂದು ಬಾಯಿ ತೆರೆದು ನಿಂತುಬಿಟ್ಟ.

ಸಬಾ ಬಿದ್ದಳು. ಗಯಾಸ ಎಳೆದು ದಂಡೆಗೆ ತಂದ. ಏದುಸಿರು ಬಿಡುತ್ತಲೇ ಕೇಳಿದಳು: "ಎಷ್ಟಾತ್ರಿ ಕಾಕಾ?"

ಒಂಬತ್ತು ಎಂದರೂ ನಡೆಯುತ್ತಿತ್ತು. ಗಯಾಸನ ಗಮನವೆಲ್ಲ ಹಗ್ಗದ ಮೇಲಿತ್ತು, ಬೇರೆ ಸಾಕ್ಷಿ ಇರಲಿಲ್ಲ. ಅಯ್ಯಣ್ಣ ತಲೆ ತಗ್ಗಿಸಿದ.

"ಆರರ ಮುಂದ ಗೊತ್ತಿಲ್ಲವ್ವಾ. ಎಣಿಕಿ ತಪ್ಪೀನಿ."

ಕಟ್ಟಳೆ ಅವಳಿಗೂ ಗೊತ್ತಿತ್ತು. ಗರಡಿಯ ಕಡಗ ಬರುವತನಕ ಕಾಯಲು ಅಯ್ಯಣ್ಣನಿಗೆ ಮನಸ್ಸಾಗಲಿಲ್ಲ. ಇಪ್ಪತ್ತೆರಡರ ಹರೆಯದಲ್ಲಿ ತಾನು ಗೆದ್ದು ತೊಟ್ಟ ಕಡಗವನ್ನೇ ಕಾಲುವೆಯ ನೀರು ಹಚ್ಚಿ ಕೈಯಿಂದ ಜಾರಿಸಿ ಅವಳಿಗೆ ತೊಡಿಸಿದ. ಅವಳಿಗೆ ಅದು ಸಡಿಲವಾಯಿತು, ಮೊಣಕೈತನಕ ಏರಿಸಿಕೊಂಡಳು.

ಅಂದಿನಿಂದ ಅಯ್ಯಣ್ಣನ ಕೈ ಬೋಳು. ತನ್ನ ಎಣಿಕೆ ಒಮ್ಮೆ ತಪ್ಪಿದೆಯೆಂದು ಅವನು ಗಿರಣಿಗೆ ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಾನೆ.