ಸೋಲಾರ್ ಇಳಿಸಿದ ದಿನ

ಹೆಂಚಿನ ಮೇಲಿನ ಆ ಸೋಲಾರ್ ಪ್ಲೇಟು ಇಳಿಯುವವರೆಗೂ ಮನೆಗೆ ಒಳ್ಳೆಯದಾಗುವುದಿಲ್ಲ ಎಂದು ಭೈರಮ್ಮ ಹಟ ಹಿಡಿದಿದ್ದಳು. ಹಟಕ್ಕೆ ಬಿದ್ದರೆ ಭೈರಮ್ಮ ದೇವರ ಮಾತನ್ನೂ ಕೇಳುವವಳಲ್ಲ; ಗಂಡ ದುರ್ಗಯ್ಯನ ಮಾತಂತೂ ದೂರ ಉಳಿಯಿತು.

ದಂಡಿನಶಿವರದ ಆಚೆಗಿನ ಆ ತೋಟದ ಮನೆಗೆ ಇನ್ನೂ ಕರೆಂಟು ಇಲ್ಲದಿದ್ದಾಗ, ಮಗ ಶಿವರಾಜು ಮದುವೆಯಾದ ಹೊಸದರಲ್ಲಿ ತಂದು ಕೂರಿಸಿದ್ದು ಅದು. ಸುತ್ತಲ ತೋಟಗಳೆಲ್ಲ ಕತ್ತಲಲ್ಲಿದ್ದರೆ ಇವರ ಮನೆಯಲ್ಲಿ ಮಾತ್ರ ಬಿಳಿ ಬೆಳಕು. ಸಂಜೆ ಸ್ವಿಚ್ಚು ಒತ್ತುವುದು ಸೊಸೆ ಪವಿತ್ರಾಳ ಕೆಲಸ. ಹಾಗಿರುವಾಗ ಶಿವರಾಜು ತೆಂಗಿನ ಮರದಿಂದ ಬಿದ್ದು ಸತ್ತ. ತಿಥಿ ಮುಗಿದ ಸಂಜೆ ಸೊಸೆಯ ಕೈ ಸ್ವಿಚ್ಚಿನ ಕಡೆ ಹೋದಾಗ ಭೈರಮ್ಮ ತಡೆದಳು.

"ಮುಂಡೆ ಕೈಲಿ ದೀಪ ಹಚ್ಚಿಸ್ಕೊಂಡು ಈ ಮನೆ ಇನ್ನೇನ್ ಕಾಣ್ಬೇಕು? ಅದರ ತಂಟೆಗೇ ಹೋಗ್ಬೇಡ ಕಣೇ."

"ಅಲ್ಲ ಅತ್ತೆ, ಆ ಬ್ಯಾಟ್ರಿಗೆ..."

"ಮುಟ್ಬೇಡ ಅಂದ್ರೆ ಮುಟ್ಬೇಡ!"

ಅಂದಿನಿಂದ ಸ್ವಿಚ್ಚನ್ನು ಭೈರಮ್ಮನೇ ಒತ್ತಿದಳು. ವರ್ಷ ತುಂಬುವ ಮೊದಲೇ ದೀಪ ಮಂಕಾಗುತ್ತ ಬಂದು, ಒಂದು ಸಂಜೆ ಹತ್ತಲೇ ಇಲ್ಲ. ಗಂಡನನ್ನು ನುಂಗಿದ್ದು ಸಾಲದೆಂದು ದೀಪವನ್ನೂ ನುಂಗಿದಳು ಎಂದು ಭೈರಮ್ಮ ಕಂಡಕಂಡವರ ಮುಂದೆ ಆಡಿದಳು. ಆಮೇಲೆ ಲೈನು ಎಳೆದು ಕರೆಂಟೂ ಬಂತು. ಆದರೂ ಅಂಗಳ ಗುಡಿಸುವಾಗ ಪವಿತ್ರಾ ತಲೆಯೆತ್ತಿ ಆ ಪ್ಲೇಟನ್ನು ನೋಡುವುದು ತಪ್ಪಲಿಲ್ಲ, ಅದನ್ನು ಕಂಡು ಭೈರಮ್ಮನ ಹೊಟ್ಟೆ ಉರಿಯುವುದೂ ತಪ್ಪಲಿಲ್ಲ.

ದುರ್ಗಯ್ಯ ಕೊಬ್ಬರಿ ಮಾರಲು ತಿಪಟೂರಿಗೆ ಹೋದ ದಿನವೇ ಅವಳು ಗುಜರಿಯ ಇಮ್ದಾದನನ್ನು ಕರೆಸಿದಳು.

"ಅದೊಂದು ಇರ್ಲಿ ಬುಡಿ ಅತ್ತೆ," ಎಂದಳು ಪವಿತ್ರಾ. "ಅವ್ರು ಕೈಯಾರೆ ಮಾಡಿದ್ದು ಅಂತ ನಂಗೆ ಇನ್ನೇನೈತೆ?"

"ಸತ್ತಿದ್ದನ್ನ ತಲೆ ಮೇಲೆ ಇಟ್ಕೊಂಡು ಪೂಜೆ ಮಾಡ್ತೀಯಾ? ನೀನು ಇಳ್ಸಪ್ಪ."

ಇಮ್ದಾದ್ ಇಳಿಸಿದ. ಅವನಿಗೆ ಬೇಕಿದ್ದುದು ಅಲ್ಯುಮಿನಿಯಂ ಚೌಕಟ್ಟು. ಅದು ಜಪ್ಪಯ್ಯ ಅಂದರೂ ಬಿಟ್ಟುಕೊಳ್ಳಲಿಲ್ಲ. ಸುತ್ತಿಗೆ ಹಾಕಿ ಕಿತ್ತ. ಗಾಜು ಉದುರದೆ, ಮೈತುಂಬ ಬಿರುಕು ಬಿಟ್ಟು ಹಾಗೇ ಕಚ್ಚಿಕೊಂಡಿತು.

"ಈ ಗಾಜು ಯಾರೂ ತಗೊಳಲ್ಲ ಅಮ್ಮಾ. ಗುಂಡಿ ತೋಡಿ ಹೂತಾಕ್ಬುಡಿ, ದನ ಗಿನ ತುಳಿದಾವು."

ಪ್ಲೇಟನ್ನು ಬಿಸಿಲಿಗೇ ಒರಗಿಸಿ, ತಾಮ್ರಕ್ಕೆಂದು ಅದರ ತಂತಿ ಸುಲಿಯುವಾಗ ಎರಡು ತುದಿ ತಾಗಿ ಚುರ್ ಎಂದು ಕಿಡಿ ಹಾರಿತು. ಇಮ್ದಾದ್ ಬೆಚ್ಚಿದ. ಚೀಲದಿಂದ ಯಾವುದೋ ಗಾಡಿಯ ಸಣ್ಣ ಬಲ್ಬು ತೆಗೆದು ತಂತಿಗೆ ಸಿಕ್ಕಿಸಿ, ಬೊಗಸೆಯಲ್ಲಿ ಮರೆಮಾಡಿ ತೋರಿಸಿದ. ಬಲ್ಬು ಕೆಂಪಗೆ ಉರಿಯುತ್ತಿತ್ತು.

"ಯಾ ಅಲ್ಲಾ! ಇದು ಸತ್ತೇ ಇರ್ಲಿಲ್ಲ ಅಮ್ಮಾ. ಸುಮ್ನೆ ಒಡೆದ್ನಲ್ಲ."

"ಮತ್ತೆ ದೀಪ ಯಾಕ್ ಹತ್ತಲಿಲ್ಲ?" ಭೈರಮ್ಮನ ದನಿ ಇಳಿದಿತ್ತು.

ಇಮ್ದಾದ್ ಜಗಲಿಯ ಮೂಲೆಯಲ್ಲಿದ್ದ ಸೋಲಾರ್ ಬ್ಯಾಟರಿಯನ್ನು ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಣಗಿತೇ ಎಂದು ಅಲ್ಲಾಡಿಸಿ ನೋಡಿ ನೋಡಿಯೇ ತಲೆ ನರೆತವಳು ಅವಳು. ನೀರು ತುಳುಕುವ ಸದ್ದೇ ಇರಲಿಲ್ಲ.

"ಒಣಗಿ ಕೊಬ್ಬರಿ ಆಗೋಗೈತೆ. ಇದಕ್ಕೆ ಆಗಾಗ ಬ್ಯಾಟ್ರಿ ನೀರು ಹಾಕ್ಬೇಕು. ಮೊದ್ಲು ಯಾರು ಹಾಕ್ತಿದ್ರು?"

ಪವಿತ್ರಾ ಒಡೆದ ಪ್ಲೇಟಿನ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು. ಭೈರಮ್ಮ ಅವಳನ್ನು ಕೇಳಬೇಕಾಗಿರಲಿಲ್ಲ. ತಿಥಿಯ ಸಂಜೆ ತಾನು ಅರ್ಧಕ್ಕೆ ಬಾಯಿ ಮುಚ್ಚಿಸಿದ ಮಾತಿನ ಉಳಿದರ್ಧ ಅವಳಿಗೆ ಈಗ ಕೇಳಿಸಿತು. ದೀಪ ನುಂಗಿದವಳು ತಾನೇ.

ಸಂಜೆ ಎಂದಿನಂತೆ ಕರೆಂಟು ಹೋಯಿತು. ಭೈರಮ್ಮ ಬುಡ್ಡಿ ದೀಪವನ್ನೂ ಬೆಂಕಿಪೊಟ್ಟಣವನ್ನೂ ತಂದು ಸೊಸೆಯ ಮುಂದೆ ಹಿಡಿದಳು.

"ನೀನೇ ಹಚ್ಚವ್ವ."

ಪವಿತ್ರಾ ಕೈ ಚಾಚಲಿಲ್ಲ.

"ನೀವೇ ಹಚ್ಕೊಳಿ ಅತ್ತೆ. ನಂಗೆ ಕತ್ಲೆ ರೂಢಿ ಆಗೋಗೈತೆ."

ಅವಳು ಒಡೆದ ಪ್ಲೇಟನ್ನು ಗೋಣಿಚೀಲದಲ್ಲಿ ಸುತ್ತಿ, ಗುದ್ದಲಿ ಎತ್ತಿಕೊಂಡು ತೋಟಕ್ಕೆ ಇಳಿದಳು. ಶಿವರಾಜುವನ್ನು ಮಣ್ಣು ಮಾಡಿದ ಜಾಗದ ಕಡೆಯಿಂದ ಗುದ್ದಲಿಯ ಸದ್ದು ಕೇಳತೊಡಗಿತು. ಹಚ್ಚದ ದೀಪವನ್ನು ಹಿಡಿದುಕೊಂಡು ಭೈರಮ್ಮ ಹೊಸ್ತಿಲಲ್ಲೇ ನಿಂತಿದ್ದಳು.