ನಲ್ಲಿ ತಿರುಗಿಸಿ ನೋಡಿದ ಮನೆಗಳು

ಬಾಡಿಗೆ ಮನೆ ನೋಡಲು ಹೋದವರು ಗಾಳಿ ಬೆಳಕು ನೋಡುತ್ತಾರೆ. ಅಪ್ಪ ಹಾಗಲ್ಲ, ಚಪ್ಪಲಿ ಬಿಟ್ಟವನೇ ನೆಟ್ಟಗೆ ಬಚ್ಚಲಿಗೆ ನುಗ್ಗುತ್ತಿದ್ದ. ಇದ್ದಬದ್ದ ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ, ಫ್ಲಶ್ ಒತ್ತಿ, ಸಿಂಕಿನ ಕೆಳಗೆ ತಲೆ ತೂರಿಸಿ, ಪೈಪಿಗೆ ಬೆರಳಲ್ಲಿ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಪ್ಲಂಬರ್ ಅಲ್ಲವೇ, ಇನ್ನೇನು ಮಾಡಿಯಾನು! ಹಿಂದೆ ಟಾರ್ಚ್ ಹಿಡಿದು ನಿಲ್ಲುವುದು ಮಗಳ ಕೆಲಸ. ಆರನೇ ವಯಸ್ಸಿನಿಂದಲೂ ಅದು ಅವಳದೇ.

ಈಗ ಅವಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಸಿಕ್ಕಿರಲಿಲ್ಲ. ಸೋಮವಾರ ತರಗತಿ ಶುರು. ಈ ಶನಿವಾರ ಸಂಜೆಯೊಳಗೆ ರೂಮು ಗೊತ್ತಾಗದಿದ್ದರೆ ಅಪ್ಪನ ಜೊತೆ ವಾಪಸ್ ಬಸ್ಸು ಹತ್ತಬೇಕು. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ.

"ದಿನಾ ಹೋಗಿ ಬಂದು ಮಾಡಿದ್ರೇನಂತೆ? ಬಸ್ಸಲ್ಲೇ ಓದ್ಕೋಬಹುದು," ಎಂದು ಅಪ್ಪ ಬೆಳಗ್ಗೆಯಿಂದ ಐದು ಸಲ ಹೇಳಿಯಾಗಿತ್ತು. ಬಸ್ಸಿನಲ್ಲಿ ಪುಸ್ತಕ ತೆರೆದರೆ ಮಗಳಿಗೆ ವಾಂತಿ ಬರುತ್ತದೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಮೊದಲು ನೋಡಿದ್ದು ವಕೀಲರೊಬ್ಬರ ಮನೆಯ ಮಹಡಿ. ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. "ಬಕೆಟ್ ತುಂಬೋಷ್ಟರಲ್ಲಿ ಇವಳ ಡಿಗ್ರಿ ಮುಗಿಯುತ್ತೆ ಸಾರ್," ಎಂದು ಅಪ್ಪ ವಕೀಲರ ಮುಖಕ್ಕೇ ಹೇಳಿದ. ಎರಡನೆಯದು ಬೇಕರಿಯ ಮೇಲಿನ ರೂಮು. ಅಲ್ಲಿ ಬಚ್ಚಲಿನ ನೀರು ಜಪ್ಪಯ್ಯ ಎಂದರೂ ಕೊಳವೆಯ ಕಡೆ ಹೋಗದೆ ಬಾಗಿಲ ಕಡೆಗೇ ಹರಿಯುತ್ತಿತ್ತು. ಎರಡನ್ನೂ ಅವಳು ಮರುಮಾತಿಲ್ಲದೆ ಬಿಟ್ಟಳು. ಯಾಕೆಂದರೆ ಅಪ್ಪ ಬೇರೆ ವಿಷಯದಲ್ಲಿ ಸಣ್ಣಪುಟ್ಟ ಬುರುಡೆ ಬಿಟ್ಟರೂ ಪೈಪಿನ ವಿಷಯದಲ್ಲಿ ಸುಳ್ಳು ಹೇಳಿದವನಲ್ಲ. ಪೈಪೆಲ್ಲ ಕಿತ್ತು ಹೊಸದು ಹಾಕಬೇಕೆಂದು ಬೇರೆಯವರು ಹೆದರಿಸಿ ಹೋದ ಮನೆಗಳಲ್ಲಿ, "ಒಂದು ವಾಷರ್ ಹಾಕಿದ್ರೆ ಸಾಕು" ಅನ್ನುತ್ತಿದ್ದ. ಜೊತೆಯ ಪ್ಲಂಬರ್‌ಗಳು ಉರಿದುಕೊಂಡು ಅವನಿಗೆ ವಾಷರಣ್ಣ ಎಂದೇ ಹೆಸರಿಟ್ಟಿದ್ದರು.

ಮೂರನೆಯದು ನಿವೃತ್ತ ನರ್ಸ್ ಒಬ್ಬರ ಮನೆ. ಹಿತ್ತಲ ಕಡೆ ಒಂದು ರೂಮು, ಕಿಟಕಿಗೆ ಒತ್ತಿಕೊಂಡು ಒಂದು ಮೇಜು, ಗ್ರಂಥಾಲಯಕ್ಕೆ ಹತ್ತು ನಿಮಿಷದ ನಡಿಗೆ. ಒಳಗೆ ಕಾಲಿಟ್ಟ ಕೂಡಲೇ ಅವಳ ಮನಸ್ಸು ಇದೇ ಅಂದುಬಿಟ್ಟಿತು. "ನಾಲ್ಕು ಗಂಟೆಗೆ ಇನ್ನೊಂದು ಹುಡುಗಿ ನೋಡೋಕೆ ಬರ್ತಾಳೆ. ಅಷ್ಟರೊಳಗೆ ಹೇಳಿಬಿಡಿ," ಎಂದರು ನರ್ಸಮ್ಮ. ಆಗಲೇ ಮೂರೂವರೆ.

ಅಪ್ಪ ನಲ್ಲಿ ತಿರುಗಿಸಿದ. ನೀರು ಧೋ ಎಂದು ಬಂತು. ಫ್ಲಶ್ ಸರಿಯಿತ್ತು, ಸಿಂಕಿನ ಅಡಿ ಒಣಗಿತ್ತು. ಎಲ್ಲವನ್ನೂ ಎರಡನೇ ಸಲ ನೋಡಿದ. ಆಮೇಲೆ ಮಂಚದ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಂತ.

"ಒಳಗೆ ತೇವ ಇದೆ. ಪೈಪ್ ಸೋರ್ತಿದೆ. ಇದು ಬೇಡ, ನಡಿ."

ನರ್ಸಮ್ಮನ ಮುಖ ಸಪ್ಪಗಾಯಿತು. "ಹೋದ ವರ್ಷ ತಾನೇ ಹೊಸ ಪೈಪ್ ಹಾಕಿಸಿದ್ನಲ್ಲಪ್ಪಾ! ಎಲ್ಲಿ ಒಡೆಸಬೇಕು ತೋರಿಸಿ. ನಾಳೆನೇ ಆಳು ಕರೆಸ್ತೀನಿ."

ಅಪ್ಪ ಕಿಟಕಿಯ ಕಡೆ ನೋಡಿದ.

ಅಂಗೈಯಲ್ಲಿ ಬೆವರಿರುತ್ತದೆ, ಮೋಸ ಮಾಡುತ್ತದೆ, ತೇವ ನೋಡುವಾಗ ಕೈಯ ಹಿಂಬದಿ ಇಡಬೇಕು ಎಂದು ಮಗಳಿಗೆ ಕಲಿಸಿದವನು ಅವನೇ. ಅವಳು ಕೈಯ ಹಿಂಬದಿಯಿಟ್ಟು ಗೋಡೆಯ ಬುಡದಿಂದ ಮೇಲಿನವರೆಗೂ ಸವರಿದಳು. ಎಲ್ಲೂ ತಣ್ಣಗಿರಲಿಲ್ಲ, ಬಣ್ಣ ಎದ್ದಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಸುಮ್ಮನಿದ್ದರೆ ಅಪ್ಪನ ಮಾತು ಉಳಿಯುತ್ತದೆ, ಆದರೆ ರೂಮು ಹೋಗುತ್ತದೆ, ಈ ಹೆಂಗಸು ಸುಮ್ಮಸುಮ್ಮನೆ ಗೋಡೆ ಒಡೆಸುತ್ತಾರೆ. ಬಾಯಿಬಿಟ್ಟರೆ ಅಪ್ಪನ ಮರ್ಯಾದೆ ಅವಳ ಕೈಯಿಂದಲೇ ಹೋಗುತ್ತದೆ.

"ಅಪ್ಪಾ, ಗೋಡೆ ಒಣಗಿದೆ," ಎಂದಳು.

ಅಪ್ಪ ನರ್ಸಮ್ಮನ ಕಡೆ ತಿರುಗಿದ.

"ಹೌದಮ್ಮಾ, ಒಣಗಿದೆ. ಏನೂ ಒಡೆಸಬೇಡಿ. ನಾನು ಸುಳ್ಳು ಹೇಳ್ದೆ."

ಯಾಕೆ ಎಂದು ಅವರು ಕೇಳಲಿಲ್ಲ. ನಲವತ್ತು ವರ್ಷ ಆಸ್ಪತ್ರೆಯ ವರಾಂಡದಲ್ಲಿ ಎಷ್ಟು ಜನ ಅಪ್ಪಂದಿರನ್ನು ನೋಡಿದ್ದರೋ.

"ಎಷ್ಟು ಮಕ್ಕಳು?"

"ಇವಳೊಬ್ಬಳೇ."

"ಕೂತ್ಕೊಳ್ಳಿ, ಬೀಗದ ಕೈ ತರ್ತೀನಿ," ಎಂದು ಅವರು ಒಳಗೆ ಹೋದರು.

ಅಪ್ಪ ಕೂರಲಿಲ್ಲ. ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಗೋಡೆಯ ಮೂಲೆಯಲ್ಲಿದ್ದ ಮುಖ್ಯ ವಾಲ್ವ್ ತೋರಿಸಿದ.

"ಎಲ್ಲೇ ಪೈಪ್ ಒಡೆದ್ರೂ ಮೊದಲು ಇದನ್ನ ಮುಚ್ಚು. ನನಗೆ ಫೋನ್ ಮಾಡ್ಕೊಂಡು ನಿಲ್ಬೇಡ. ನಾನು ಬರೋಷ್ಟರಲ್ಲಿ ಮನೆ ಕೆರೆ ಆಗಿರುತ್ತೆ. ಎಲ್ಲಿ, ಮುಚ್ಚು ನೋಡೋಣ."

ಅವಳು ಎರಡೂ ಕೈಯಲ್ಲಿ ತಿರುಗಿಸಿದಳು. "ಇನ್ನೂ ಸ್ವಲ್ಪ... ಹಾಂ, ಸಾಕು." ಒಳಗೆ ತೆರೆದಿಟ್ಟು ಬಂದಿದ್ದ ನಲ್ಲಿಯ ಸದ್ದು ನಿಂತಿತು. ಅಪ್ಪ ಅದನ್ನೇ ಕೇಳುತ್ತಾ ನಿಂತ.

"ಮುಚ್ಚಿ ಆದ್ಮೇಲೆ ಫೋನ್ ಮಾಡು," ಎಂದ. ಕೈ ಒರೆಸಿಕೊಂಡ. "ಏನೂ ಒಡೀದೇ ಇದ್ರೂ ಮಾಡು."